ತಿಕೋಟಾ ಬಸ್ಸು ಮಾಲಿನ ಮುಂದೆ ನಿಲ್ಲುವುದಿಲ್ಲ

ನಾನು ಕೆಲಸ ಮಾಡುವ ಬಟ್ಟೆ ಅಂಗಡಿ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಿಂದ ಎದ್ದು ಊರ ಹೊರಗಿನ ಮಾಲಿಗೆ ಹೋಗುತ್ತದೆ ಎಂದು ಗೊತ್ತಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನನ್ನ ಹೆಂಡತಿ. ಮಾಲು ಎದ್ದಿರುವುದು ತಿಕೋಟಾ ರಸ್ತೆಯಲ್ಲಿ, ನಮ್ಮ ಮನೆ ಇರುವುದು ತಿಕೋಟಾದಲ್ಲಿ. "ಇನ್ನ ನೀವು ಊರೊಳಗ ಹೋಗೂದು ತಪ್ಪಿತು ನೋಡ್ರಿ. ಬಿಸಿ ರೊಟ್ಟಿ ತಿಂದು ಆರಾಮ ಹೋಗಬಹುದು" ಎಂದಳು. ನನಗೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಗುಡಿಯವರೆಗೆ ನಡೆದ ಕಾಲುಗಳಿಗೆ ಈಗ ಸ್ವಲ್ಪ ವಿಶ್ರಾಂತಿ ಸಿಗುತ್ತದೆ ಎಂದುಕೊಂಡೆ.

ಮೊದಲ ದಿನ ಹೊಸ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರನಿಗೆ, "ಮಾಲಿಗೆ ಒಂದು ಕೊಡ್ರಿ" ಎಂದೆ.

"ಮಾಲಿಗೆ ಸ್ಟಾಪ್ ಇಲ್ರಿ. ಬಿಜಾಪುರಕ್ಕ ತಗೋರಿ."

"ದಾರಿ ಮ್ಯಾಲೇ ಐತೆಲ್ರಿ. ಒಂದೀಟು ನಿಲ್ಸಿದ್ರ ಇಳಕೋತೇನಿ."

"ಅಲ್ಲಿಂದ ಬ್ರಿಜ್ ಏರು ಚಾಲೂ ಆಗತೈತ್ರಿ. ಏರಿಗೆ ನಿಲ್ಸಿದ್ರ ಗಾಡಿ ಹೆಂಗ ಎತ್ತಬೇಕು? ಹಿಂದೊಮ್ಮಿ ನಿಲ್ಸಿದಾಗ ಲಾರಿ ಬಂದು ಹಿಂದ ಬಡದೈತಿ. ನಿಲ್ಸಬ್ಯಾಡ್ರಿ ಅಂತ ನಮಗ ಹೇಳ್ಯಾರ."

ಅವನು ಹೇಳಿದ ಬ್ರಿಜ್ ಎಂದರೆ ಬೈಪಾಸ್ ರಸ್ತೆಯ ಮೇಲೆ ಹಾಯುವ ಸೇತುವೆ. ಮಾಲು ಅದರ ಬುಡದಲ್ಲಿ, ತಿಕೋಟಾ ಕಡೆಗೆ ಇದೆ. ಅದಕ್ಕೂ ಮೊದಲಿನ ಸ್ಟಾಪು ತೋಟಗಳ ನಡುವೆ, ಅಲ್ಲಿಂದ ನಡೆದು ಬರುವುದು ಬಹಳ ದೂರ. ನಾನು ಸೀಟಿನಿಂದ ಎದ್ದು ಬಾಗಿಲ ಹತ್ತಿರ ನಿಂತೆ, ಕೊನೇ ಗಳಿಗೆಯಲ್ಲಾದರೂ ಡ್ರೈವರನಿಗೆ ಮನಸ್ಸು ಬಂದೀತು ಎಂದು. ಮಾಲು ಬಂತು. ಮದುವಣಗಿತ್ತಿಯ ದೊಡ್ಡ ಚಿತ್ರದ ಮೇಲೆ ನಮ್ಮ ಅಂಗಡಿಯ ಹೆಸರು ಹೊಳೆಯುತ್ತಿತ್ತು. ನಾನು ಅದನ್ನು ಬಾಗಿಲಿನಿಂದ ನೋಡಿದೆ, ಆಮೇಲೆ ಹಿಂದಿನ ಕಿಟಕಿಯಿಂದ ನೋಡಿದೆ. ಬಸ್ಸು ಗೇರು ಬದಲಿಸಿ ಸೇತುವೆ ಏರಿ ನನ್ನನ್ನು ಸೀದಾ ಊರ ನಡುವಿನ ಸ್ಟ್ಯಾಂಡಿಗೆ ಒಯ್ದು ಇಳಿಸಿತು.

ಅಲ್ಲಿಂದ ಜನ ತುಂಬಿದ ಟಂಟಂ ಆಟೋ ಹಿಡಿದು ಬಂದ ದಾರಿಯಲ್ಲೇ ತಿರುಗಿ ಹೊರಟೆ. ಟಂಟಂ ಸೇತುವೆಯ ಇತ್ತಲಾಗೇ ನಿಲ್ಲುತ್ತದೆ. ಅತ್ತಲಾಗೆ ಹೋದರೆ ತಿರುಗಿ ಬರುವಾಗ ಸವಾರಿ ಸಿಗುವುದಿಲ್ಲವಂತೆ. ಸೇತುವೆಯ ಕೆಳಗೆ ನುಸುಳಿ, ಸಿಮೆಂಟಿನ ಲಾರಿಗಳ ಧೂಳು ತಿಂದು, ಹೊಸ ಅಂಗಿಯನ್ನು ಕೈಯಿಂದ ಝಾಡಿಸುತ್ತ ಅಂಗಡಿ ಮುಟ್ಟಿದಾಗ ಎಲ್ಲರೂ ಬಂದು ಆಗಿತ್ತು. ಅಂಗಡಿ ನಡೆಸುವ ಸಣ್ಣ ಸಾವಕಾರ್ರು ನನ್ನನ್ನು ನೋಡಿ, "ಕಾಕಾ, ನಿಮ್ಮ ಮನಿ ಈ ಕಡಿಗೇ ಅಲ್ಲೇನ್ರಿ? ನೀವ ಹಿಂಗ ತಡಾ ಮಾಡಿದ್ರ ಉಳದಾವ್ರಿಗೆ ಏನ ಹೇಳ್ಲಿ?" ಎಂದರು. ಸಂಜೆ ಮನೆಗೆ ಹೊರಟಾಗ ರಸ್ತೆಯ ಆಚೆ ಬದಿಗೆ ನಿಂತು ತಿಕೋಟಾ ಬಸ್ಸಿಗೆ ಕೈ ಮಾಡಿದೆ. ಅದೂ ನಿಲ್ಲಲಿಲ್ಲ. ಮರುದಿನ ಕೇಳಿದರೆ ಆ ಕಂಡಕ್ಟರ್, "ಅಲ್ಲಿ ಇಳಕಲ ಇರತೈತ್ರಿ, ಬ್ರೇಕ್ ಹಿಡಿಯೂದಿಲ್ಲ" ಎಂದ. ಮುಂಜಾನೆ ಏರು, ಸಂಜೆ ಇಳುಕಲು. ಆ ಜಾಗದಲ್ಲಿ ನೆಲ ಸಮ ಇರುವ ಹೊತ್ತು ಯಾವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹಳೇ ಅಂಗಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದೇನೂ ದೊಡ್ಡ ಅಂಗಡಿಯಲ್ಲ. ಮೂರು ಮೆಟ್ಟಿಲು ಹತ್ತಿದರೆ ಬಿಳಿ ಚಾದರ ಹಾಸಿದ ಗಾದಿ, ಗೋಡೆಗೆ ಕಪಾಟು. ನಾನು ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವವನು. ಎದುರಿಗೆ ಗಿರಾಕಿಗಳು ಚಪ್ಪಲಿ ಬಿಟ್ಟು, ಕಾಲು ಮಡಚಿ ಕುಳಿತುಕೊಳ್ಳುತ್ತಿದ್ದರು. ಬಬಲೇಶ್ವರದವರು, ಜೈನಾಪುರದವರು, ಯಾವ ಕಡೆಯವರೇ ಆಗಲಿ, ಬಸ್ಸಿನಿಂದ ಇಳಿದು, ಗುಡಿಗೆ ಹೋಗಿ ಕೈಮುಗಿದು, ಅಲ್ಲಿಂದ ನಮ್ಮಲ್ಲಿಗೆ ಬರುತ್ತಿದ್ದರು. ಮದುವೆ ಬಟ್ಟೆ ತೆಗೆಯುವ ಬಸ್ತಾದ ದಿನ ಒಂದೊಂದು ಮನೆತನದವರೂ ಬುತ್ತಿ ಕಟ್ಟಿಕೊಂಡೇ ಬಂದು ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಊಟ ಮಾಡಿ, ಮತ್ತೆ ಸೀರೆ ನೋಡಲು ಕೂಡುತ್ತಿದ್ದರು. ದೊಡ್ಡ ಸಾವಕಾರ್ರು ಯಾರಿಗೂ ಅವಸರ ಮಾಡಿದವರಲ್ಲ. ಅವರಿಗೆ ವಯಸ್ಸಾಗಿ ಮಗ ವ್ಯವಹಾರ ಹಿಡಿದ ಮೇಲೆ, ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ದೊಡ್ಡ ಗಿರಾಕಿ ಇಲ್ಲಿಗೆ ಬರುವುದಿಲ್ಲ ಎಂಬ ಮಾತು ಶುರುವಾಯಿತು. ಅದು ಸುಳ್ಳೇನೂ ಅಲ್ಲ. ಆದರೆ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದವರು, ಮನುಷ್ಯ ಬಂದು ಇಳಿಯಲು ಜಾಗ ಇದೆಯೋ ಇಲ್ಲವೋ ಎಂದು ನೋಡಲೇ ಇಲ್ಲ.

ಮಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಪಾರ್ಕಿಂಗ್. ಅದರ ನಡುವೆ ಕಟ್ಟಡವನ್ನು ತಂದು ಇಟ್ಟಂತೆ ಕಾಣುತ್ತದೆ. ಸುತ್ತಲೂ ಎತ್ತರದ ಕಂಪೌಂಡು. ರಸ್ತೆಯ ಕಡೆಗೆ ಗೇಟು ಒಂದೇ, ಅದಕ್ಕೆ ಏಳುವ ಬೀಳುವ ದಂಡಿಗೆ. ನಡೆದುಕೊಂಡು ಬಂದವರಿಗೆ ಸಣ್ಣ ಬಾಗಿಲಿಲ್ಲ. ಮೊದಲ ವಾರ ಗೇಟಿನ ಕಾವಲುಗಾರ ನನ್ನನ್ನು ದಿನವೂ ತಡೆದು, "ಗಾಡಿ ಎಲ್ಲಿ?" ಎಂದು ಕೇಳುತ್ತಿದ್ದ. ಗಾಡಿ ಇಲ್ಲಪ್ಪಾ ಎಂದರೆ, ಅದು ಹೇಗೆ ಸಾಧ್ಯ ಎನ್ನುವಂತೆ ನನ್ನ ಹಿಂದೆ ಇಣುಕಿ ನೋಡುತ್ತಿದ್ದ. ನಾನು ದಂಡಿಗೆಯ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದೆ. ಐವತ್ತು ದಾಟಿದ ಮೇಲೆ ದಿನಾ ಹಾಗೆ ಬಗ್ಗುವುದು ಸೊಂಟಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನೋವು.

ನನ್ನ ಹಾಗೇ ಬಗ್ಗಿ ಬರುವವಳು ಇನ್ನೊಬ್ಬಳಿದ್ದಳು. ನಮ್ಮ ಅಂಗಡಿಯ ಬಿಲ್ಲಿಂಗಿಗೆ ಹೊಸದಾಗಿ ಸೇರಿದ ಬಬಲೇಶ್ವರದ ಹುಡುಗಿ. ಡಿಗ್ರಿ ಮುಗಿಸಿದ್ದಳು, ಚುರುಕು, ಗಿರಾಕಿಯ ಮುಖ ನೋಡಿ ಮಾತಾಡುವವಳು. ಅವಳ ಪಾಡು ನನಗಿಂತ ಕೆಟ್ಟದ್ದು. ಬಬಲೇಶ್ವರದ ರಸ್ತೆಯೇ ಬೇರೆ. ಅವಳು ಆ ರಸ್ತೆಯಿಂದ ವಿಜಯಪುರಕ್ಕೆ ಬಂದು, ಊರನ್ನು ಹಾಯ್ದು, ಈ ರಸ್ತೆಗೆ ಬರಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಆ ಪುಕ್ಕಟೆ ಬಸ್ಸು ಅವಳನ್ನು ಸ್ಟ್ಯಾಂಡಿಗೆ ತಂದು ಬಿಡುತ್ತಿತ್ತು, ಉಳಿದದ್ದಕ್ಕೆ ಟಂಟಂ, ಮತ್ತೆ ನಡಿಗೆ. ಸಂಜೆ ಇಬ್ಬರೂ ಕೂಡಿ ಸೇತುವೆಯ ಕೆಳಗೆ ನಡೆಯುತ್ತಿದ್ದೆವು. ರಸ್ತೆ ಬದಿಗೆ ನಿಂತು ನಿಲ್ಲದ ಬಸ್ಸಿಗೆ ಕೈ ಮಾಡುವುದನ್ನು ನಾನು ಅಷ್ಟರಲ್ಲಿ ಬಿಟ್ಟಿದ್ದೆ. ಅಲ್ಲಿ ದೀಪವಿರಲಿಲ್ಲ. ಸ್ಟ್ಯಾಂಡಿನಲ್ಲಿ ಅವಳನ್ನು ಬಬಲೇಶ್ವರದ ಬಸ್ಸಿಗೆ ಹತ್ತಿಸಿ ಆಮೇಲೆ ನಾನು ತಿಕೋಟಾ ಬಸ್ಸು ಹಿಡಿಯುತ್ತಿದ್ದೆ. ಆ ಬಸ್ಸು ನನ್ನನ್ನು ಮತ್ತೆ ಮಾಲಿನ ಮುಂದಿನಿಂದಲೇ ಮನೆಗೆ ಒಯ್ಯುತ್ತಿತ್ತು. ಸಿಟ್ಟು ಬಂದು ಆ ಕಡೆಯ ಕಿಟಕಿಗೆ ಕೂಡುವುದನ್ನೇ ಬಿಟ್ಟೆ.

ಸುಮ್ಮನೆ ಕೂತಿದ್ದೆ ಎಂದಲ್ಲ. ಒಂದು ಸೂಟಿಯ ದಿನ ಬಸ್ ಡಿಪೋಕ್ಕೆ ಹೋಗಿ ಕೇಳಿದೆ. ಅಲ್ಲಿ ಕುಳಿತಿದ್ದ ಸಾಹೇಬರು ಒಳ್ಳೆಯವರೇ. "ನಮ್ಮದೇನ ತಕರಾರಿಲ್ರಿ. ಮಾಲಿನಾವ್ರು ಕೇಳ್ಲಿ, ಮುಂದ ಕಳಸ್ತೇವಿ" ಎಂದರು. ಮಾಲಿನ ಮ್ಯಾನೇಜರ್ ಹತ್ತಿರ ಹೋದೆ. ಅವರು ಈ ಕಡೆಯವರಲ್ಲ, ಕುತ್ತಿಗೆಗೆ ಟೈ, ಮಾತು ಬಹಳ ಮೆತ್ತಗೆ.

"ನಮ್ಮ ಕಸ್ಟಮರ್ಸ್ ಯಾರೂ ಬಸ್ಸಲ್ಲಿ ಬರೋದಿಲ್ಲ" ಎಂದರು.

"ಬಸ್ಸು ನಿಲ್ಲಂಗಿಲ್ಲಲ್ರಿ, ಹೆಂಗ ಬರ್ತಾರ?"

"ಅದೇ ನಾನು ಹೇಳೋದು. ಬರೋದಿಲ್ಲ. ಬರದೇ ಇರೋವ್ರಿಗೆ ಸ್ಟಾಪ್ ಯಾಕೆ ಬೇಕು?"

ನಾನು ಅವರ ಮುಖವನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ನಮಸ್ಕಾರ ಹೇಳಿ ಎದ್ದು ಬಂದೆ.

ಇಷ್ಟು ಆದರೂ ತಡೆದುಕೊಂಡಿದ್ದೆ. ನನ್ನ ಸಹನೆ ಹರಿದದ್ದು ಜೈನಾಪುರದ ಬಸ್ತಾದ ದಿನ.

ಜೈನಾಪುರ ನನ್ನ ಹೆಂಡತಿಯ ತವರು. ಅವಳ ತಮ್ಮನ ಮಗಳಿಗೆ ಲಗ್ನ ಗೊತ್ತಾಗಿತ್ತು. ಬಸ್ತಾ ನಮ್ಮ ಅಂಗಡಿಯಲ್ಲೇ ಆಗಬೇಕು ಎಂದು ನಾನೇ ಹೇಳಿ ಬಂದಿದ್ದೆ. ಅತ್ತೆಯನ್ನೂ ಕರೆತನ್ನಿ ಎಂದಿದ್ದೆ. ಅತ್ತೆಗೆ ಮೊಣಕಾಲು ನೋವು, ಆದರೆ ಅವರು ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಹೂಂ ಎನ್ನದೆ ಆ ಮನೆಯಲ್ಲಿ ಸೀರೆ ತೆಗೆದದ್ದೇ ಇಲ್ಲ. ನಾನು ಎಲ್ಲ ವ್ಯವಸ್ಥೆ ಮಾಡಿದ್ದೆ. ನಮ್ಮ ಊರಿನವನೇ ಒಬ್ಬ ಡ್ರೈವರ್ ಆ ದಿನ ಮುಂಜಾನೆ ತಿಕೋಟಾ ಬಸ್ಸು ಹೊಡೆಯುವವನಿದ್ದ. ಹಿರಿಯರು ಬರುತ್ತಾರೆ, ಮಾಲಿನ ಮುಂದೆ ಒಂದು ಗಳಿಗೆ ನಿಲ್ಲಿಸು ಎಂದು ಅವನಿಗೆ ಹೇಳಿಟ್ಟಿದ್ದೆ. ಅವನೂ ಒಪ್ಪಿದ್ದ. ಜೈನಾಪುರದಿಂದ ಬಬಲೇಶ್ವರಕ್ಕೆ ಜೀಪು, ಅಲ್ಲಿಂದ ವಿಜಯಪುರಕ್ಕೆ ಬಸ್ಸು, ಆಮೇಲೆ ತಿಕೋಟಾ ಬಸ್ಸು ಹತ್ತಿ ಬನ್ನಿ ಎಂದು ಹೆಂಡತಿಯ ತಮ್ಮನಿಗೆ ತಿಳಿಸಿ ಹೇಳಿದೆ.

ಆ ಮುಂಜಾನೆ ನಾನು ಮದುಮಗಳಿಗೆ ಒಪ್ಪುವ ಸೀರೆಗಳನ್ನು ಬೇರೆ ತೆಗೆದಿಟ್ಟು, ರಸ್ತೆ ಬದಿಗೆ ಬಂದು ನಿಂತೆ. ಬಿಸಿಲು ಏರಿತ್ತು. ಸೇತುವೆಯ ಮೇಲಿನಿಂದ ಬಸ್ಸು ಇಳಿಯತೊಡಗಿತು. ಕೈ ಎತ್ತಿದೆ. ಹತ್ತಿರ ಬಂದಾಗ ನೋಡಿದರೆ ಡ್ರೈವರ್ ಬೇರೆ. ನಮ್ಮವನ ಡ್ಯೂಟಿ ಬದಲಾಗಿತ್ತು, ಅದು ಆಮೇಲೆ ಗೊತ್ತಾಯಿತು. ಎರಡೂ ಕೈ ಬೀಸಿದೆ. ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಅವರು ನನ್ನನ್ನು ಗುರುತು ಹಿಡಿದು, ಪಾಪ, ಅವರೂ ಕೈ ಎತ್ತಿದರು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಫೋನು ಬಂತು. ಹೆಂಡತಿಯ ತಮ್ಮ. "ಮಾಮಾ, ನಿಲ್ಸವಲ್ರು. ಎಲ್ಲಿ ಇಳಿಯೂನು?"

"ಮುಂದಿನ ಸ್ಟಾಪಿಗೆ ಇಳಕೋರಿ, ನಾ ಬರ್ತೇನಿ."

ಅವನು ಕಂಡಕ್ಟರನ ಹತ್ತಿರ ಮಾತಾಡುವುದು ಕೇಳಿಸಿತು. ಆಮೇಲೆ, "ಅಲ್ಲಿ ಬರೇ ಹೊಲ ಅದಾವಂತ ಮಾಮಾ, ನೆರಳಿಲ್ಲಂತ. ಅವ್ವಗ ಬಿಸಲಾಗ ಹೆಂಗ ನಿಂದ್ರಸೂದು?" ಎಂದ. ಹಿಂದಿನಿಂದ ಅತ್ತೆಯ ದನಿ, "ಸುಮ್ಮ ತಿಕೋಟಾಕ್ಕ ನಡೀರಿ, ಮಗಳ ಮನೀಗಿ ಹೋಗೂನು."

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು. "ನಮ್ಮವ್ವ ಬಂದಾಳ. ತಮ್ಮನೂ, ಮಂದಿ ಎಲ್ಲಾ ಬಂದಾರ. ನೀವು ಅಂಗಡೀಗಿ ಬರ್ತಾರಂತ ಹೇಳಿದ್ರಿ, ಮನೀಗಿ ಬರ್ತಾರಂತ ಹೇಳಲೇ ಇಲ್ಲ. ಮನ್ಯಾಗ ಕಾಯಿಪಲ್ಲೆ ಏನೂ ಇಲ್ಲ."

ಅವಳು ಕಡಲೆ ಹಿಟ್ಟಿನ ಝುಣಕ ಮಾಡಿ, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲು ಹಾಕಿದಳು. ಇತ್ತ ನಾನು ಬಿಚ್ಚಿಟ್ಟ ಸೀರೆಗಳ ಮುಂದೆ ನಿಂತಿದ್ದೆ. ಮಾಲಿನ ಅಂಗಡಿಯಲ್ಲಿ ಕೂಡುವಂತಿಲ್ಲ, ಗಾದಿ ಇಲ್ಲ, ಗಾಜಿನ ಟೇಬಲ್ಲಿನ ಹಿಂದೆ ನಿಂತೇ ಇರಬೇಕು. ಬಿಲ್ಲಿಂಗಿನ ಹುಡುಗಿ, "ಕಾಕಾ, ಬೀಗರು ಬರ್ಲಿಲ್ಲೇನ್ರಿ?" ಎಂದು ಕೇಳಿದಳು. "ಬಂದು ಹೋದ್ರವ್ವಾ" ಎಂದೆ.

ಊಟವಾದ ಮೇಲೆ ಅವರೆಲ್ಲ ಮತ್ತೆ ಹೊರಟರು. ಈ ಸಲ ನನ್ನ ಹೆಂಡತಿಯೂ ಜೊತೆಗೆ ಹೊರಟಳು. ಕಂಡಕ್ಟರನಿಗೆ ತಾನೇ ಹೇಳಿ ನಿಲ್ಲಿಸುತ್ತೇನೆ, ನಿಮಗೆ ಮಾತಾಡಲು ಬರುವುದಿಲ್ಲ ಎಂದು ಫೋನಿನಲ್ಲಿ ನನಗೆ ಹೇಳಿದಳು. ನಾನು ಮತ್ತೆ ರಸ್ತೆಗೆ ಬಂದೆ. ತಿಕೋಟಾ ಕಡೆಯಿಂದ ಬಸ್ಸು ಬಂತು, ಸೇತುವೆ ಏರಲು ವೇಗ ತೆಗೆದುಕೊಂಡೇ ಬಂತು. ಕಿಟಕಿಯಲ್ಲಿ ಹೆಂಡತಿ ಇದ್ದಳು. ಅವಳು ಕೈ ಎತ್ತಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಇಪ್ಪತ್ತೈದು ವರ್ಷದ ಮೇಲಿನ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ.

ಆಮೇಲೆ ಬಂದ ಫೋನಿನಲ್ಲಿ ಅತ್ತೆಯೇ ಮಾತಾಡಿದರು. ಸ್ಟ್ಯಾಂಡಿನ ಗದ್ದಲ ಹಿಂದಿನಿಂದ ಕೇಳುತ್ತಿತ್ತು. "ಅಳಿಯಂದ್ರ, ನಿಮ್ಮ ಅಂಗಡಿ ಎರಡ ಸಲ ನೋಡಿದ್ವಿ. ಬಾಳ ಚಂದ ಐತಿ. ಖರೆ, ನಾ ಇನ್ನ ಆ ಬಸ್ಸ ಹತ್ತಂಗಿಲ್ರಿ. ಗುಡಿ ಇಲ್ಲೇ ಐತಿ, ಅಲ್ಲೇ ಯಾವುದರ ಅಂಗಡ್ಯಾಗ ಬಸ್ತಾ ಮಾಡತೇವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರ ಮಾಡಿಕೊಳ್ಳಬೇಡಿ ಎಂದು ಅವರು ನನಗೆ ಹೇಳಿದರು. ಎರಡು ಸಲ ಊರ ಹೊರಗೆ ಅಲೆದಾಡಿ, ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಏರಿ ಇಳಿದವರು ನನಗೆ ಹೇಳಿದರು. ಆ ಮಾತು ಕೇಳಿ ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಣ್ಣ ಸಾವಕಾರ್ರು ಅಂಗಡಿಯಲ್ಲಿರಲಿಲ್ಲ. ಹುಡುಗಿಗೆ, ಅರ್ಧ ದಿನ ರಜೆ ಎಂದು ಹೇಳು ಎಂದು ತಿಳಿಸಿ, ದಂಡಿಗೆ ದಾಟಿ ಹೊರಟುಬಿಟ್ಟೆ.

ಓಣಿ ಮುಟ್ಟಿದಾಗ ಅವರೆಲ್ಲ ನಮ್ಮ ಹಳೇ ಅಂಗಡಿಯ ಪಕ್ಕದ ಅಂಗಡಿಯಲ್ಲಿ, ಗಾದಿಯ ಮೇಲೆ ಕುಳಿತಿದ್ದರು. ಆ ಅಂಗಡಿಯವರೂ ನಾವೂ ವರ್ಷಗಟ್ಟಲೆ ಗಿರಾಕಿಗಾಗಿ ಜಗಳಾಡಿದವರು. ಈಗ ಅವರು ನನ್ನನ್ನು ನೋಡಿ, "ಬರ್ರಿ ಬರ್ರಿ, ಮ್ಯಾಲ ಕುಂದರ್ರಿ, ಚಾ ತರಸ್ತೇನಿ" ಎಂದರು. ನಾನು ಗಿರಾಕಿಗಳ ಸಾಲಿನಲ್ಲಿ ಕುಳಿತೆ. ಅವರ ಸೇಲ್ಸ್‌ಮನ್ ಸೀರೆಯನ್ನು ಮಡಿಕೆಯಲ್ಲೇ ತೋರಿಸಿ ಪಕ್ಕಕ್ಕೆ ಸರಿಸುತ್ತಿದ್ದ. ಮದುಮಗಳು ಸಂಕೋಚದಿಂದ ಯಾವುದಕ್ಕೂ ಹೂಂ ಅನ್ನುತ್ತಿರಲಿಲ್ಲ. ಸ್ವಲ್ಪ ಹೊತ್ತು ತಡೆದೆ. ಆಮೇಲೆ ನನ್ನ ಕೈ ಕೇಳಲಿಲ್ಲ. ಒಂದು ರೇಷ್ಮೆ ಎಳೆದುಕೊಂಡು ಸೆರಗು ಮೇಲೆ ಬರುವಂತೆ ಗಾದಿಯ ಉದ್ದಕ್ಕೂ ಬಿಚ್ಚಿ ಹಾಸಿದೆ. ಮದುಮಗಳ ಮುಖ ಅರಳಿತು. ಹೆಂಡತಿಯ ತಮ್ಮ ಮೆಲ್ಲಗೆ, "ಮಾಮಾ, ಇದು ನಿಮ್ಮ ಅಂಗಡಿ ಅಲ್ರಿ" ಎಂದ. "ಗೊತ್ತೈತಿ ತಗೋ" ಎಂದು ಇನ್ನೊಂದು ಎಳೆದೆ. ಅತ್ತೆ ಸೆರಗು ಹಿಡಿದು ನೋಡಿ ಹೂಂ ಅಂದರು. ಬೀಗರಿಗೆ ಕೊಡುವ ಆಯೇರಿ ಸೀರೆಗಳು, ಧೋತರ, ಕುಬಸ ಹೊಲಿಸುವ ಕಣಗಳು, ಎಲ್ಲ ಅಲ್ಲೇ ಆಯಿತು. ಆ ಮಧ್ಯಾಹ್ನದ ಮಟ್ಟಿಗೆ ನನಗೆ ಬಹಳ ದಿನದ ಮೇಲೆ ಕೆಲಸ ಮಾಡಿದ ಸುಖ ಸಿಕ್ಕಿತು.

ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮರುದಿನ ಸಣ್ಣ ಸಾವಕಾರ್ರು ನನ್ನನ್ನು ಸ್ಟಾಕ್ ಇಡುವ ಕೋಣೆಗೆ ಕರೆದರು.

"ಕಾಕಾ, ನಮ್ಮ ಅಂಗಡಿ ಬಿಟ್ಟು ಮಂದಿ ಗಾದಿ ಮ್ಯಾಲ ಕುಂತು ಸೀರಿ ಮಾರಿದ್ರಂತ. ನನಗ ಹೆಂಗ ಅನಸ್ಬೇಕ್ರಿ?"

ಸಣ್ಣವರಿದ್ದಾಗ ನಾನೇ ಶಾಲೆಗೆ ಬಿಟ್ಟು ಬರುತ್ತಿದ್ದ ಮನುಷ್ಯ. ನಾನು ಅವರಿಗೆ ಎಂದೂ ಎದುರು ಮಾತಾಡಿದವನಲ್ಲ. ಅವತ್ತು ಮಾತಾಡಿದೆ. "ನಮ್ಮ ಅತ್ತಿ ನಿಮ್ಮ ಅಂಗಡೀಗೆ ಅಂತ ಮನಿ ಬಿಟ್ಟು ಬಂದಿದ್ರಿ. ಎರಡ ಸಲ ಬಾಗಲಾ ದಾಟಿ ಹೋದ್ರು. ಒಳಗ ಬರಾಕ ದಾರಿ ಎಲ್ಲೈತಿ ಹೇಳ್ರಿ, ನಾ ಕರಕೊಂಡ ಬರ್ತೇನಿ."

"ಒಂದ ಆಟೋ ಮಾಡ್ಕೊಂಡ ಬರಬೇಕಿತ್ತಲ್ರಿ ಕಾಕಾ."

"ಬಸ್ತಾಕ್ಕ ಬರೂ ಮಂದಿ ಒಂದ ಆಟೋದಾಗ ಕುಂದ್ರತಾರೇನ್ರಿ?"

ಅಷ್ಟು ಹೇಳಿ ನಾನು ಹೊರಗೆ ಬಂದೆ. ಅವತ್ತು ಸಂಜೆ ದೊಡ್ಡ ಸಾವಕಾರ್ರಿಂದ ಕರೆ ಬಂತು, ಮನೆಗೆ ಬಂದು ಹೋಗು ಎಂದು. ಅವರ ಮನೆ ಗುಡಿಯ ಹತ್ತಿರವೇ. ಕಟ್ಟೆಯ ಮೇಲೆ ಕುಳಿತಿದ್ದರು. ಬೈಯುತ್ತಾರೆಂದುಕೊಂಡು ಹೋದೆ.

"ನಾನು ಆ ಅಂಗಡಿ ನೋಡಿದ್ದು ಪೂಜಾ ದಿನಾ ಅಷ್ಟ ನೋಡಪಾ" ಎಂದರು. "ನನಗ ಗಾಡಿ ಹೊಡಿಯಾಕ ಬರೂದಿಲ್ಲ. ಮಗನ ಕೇಳಿದ್ರ ಐತವಾರ ಅಂತಾನ. ಐತವಾರ ಬಂದ್ರ ಗದ್ದಲ ಬಾಳ ಅಂತಾನ. ನಾಳೆ ನೀನೂ ನಾನೂ ಬಸ್ಸಿಗೆ ಹೋಗೂನು."

ಬೇಡ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಮರುದಿನ ಧೋತರ, ಟೊಪಗಿ ಹಾಕಿಕೊಂಡು ಸ್ಟ್ಯಾಂಡಿಗೆ ಬಂದರು. ಬಸ್ಸಿನಲ್ಲಿ ಕಂಡಕ್ಟರನಿಗೆ ತಮ್ಮ ಅಂಗಡಿಯ ಹೆಸರು ಹೇಳಿದರು. ಈ ಊರಲ್ಲಿ ಆ ಹೆಸರು ಹೇಳಿದರೆ ಸಾಕು ಎಂದು ಅವರು ನಂಬಿದ್ದರು. ಕಂಡಕ್ಟರ್ ಗೌರವದಿಂದಲೇ, "ನಮ್ಮ ಅಕ್ಕನ ಮದುವಿ ಸೀರಿ ನಿಮ್ಮಲ್ಲೇ ತಗೊಂಡಿದ್ವಿರಿ ಯಜಮಾನರ. ಆದ್ರ ಇಲ್ಲಿ ನಿಲ್ಸಾಕ ಬರಂಗಿಲ್ರಿ" ಎಂದ. ಮಾಲು ದಾಟಿತು. ಮುದುಕರು ಕಿಟಕಿಯಿಂದ ತಮ್ಮ ಅಂಗಡಿಯನ್ನು ನೋಡಿದರು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದೆವು. ಸುತ್ತಲೂ ದ್ರಾಕ್ಷಿ ತೋಟ, ನೆರಳಿಗೆ ಒಂದು ಬೇವಿನ ಗಿಡವೂ ಇಲ್ಲ. ಅವರನ್ನು ಅಲ್ಲಿಂದ ನಡೆಸಿಕೊಂಡು ಹೇಗೆ ಬರಲಿ ಎಂದು ರಸ್ತೆಯ ಎರಡೂ ಕಡೆ ನೋಡುತ್ತ ನಿಂತೆ. ಅಷ್ಟರಲ್ಲಿ ದ್ರಾಕ್ಷಿಯ ಕ್ರೇಟು ತುಂಬಿದ ಸಣ್ಣ ಟೆಂಪೋ ಬಂತು. ಕೈ ಮಾಡಿದೆ, ನಿಂತಿತು. ಸಾವಕಾರ್ರನ್ನು ಮುಂದೆ ಕೂಡಿಸಿ ನಾನು ಹಿಂದೆ ಕ್ರೇಟುಗಳ ಮೇಲೆ ಕುಳಿತೆ.

ಗೇಟಿನ ಕಾವಲುಗಾರ ಟೆಂಪೋ ನೋಡಿ, "ಸಾಮಾನ ಸಾಗಿಸೂ ಗಾಡಿ ಹಿಂದಿನ ಗೇಟಿಗೆ ಹೋಗ್ರಿ" ಎಂದ. ಟೆಂಪೋದವನು ಸುಮ್ಮನೆ ಹಿಂದಕ್ಕೆ ಹೋದ. ಹೀಗಾಗಿ ಅಂಗಡಿಯ ಹಿರಿಯ ಯಜಮಾನರು ಬಟ್ಟೆಯ ಗಂಟು ಇಳಿಸುವ ಬಾಗಿಲಿನಿಂದ, ರಟ್ಟಿನ ಡಬ್ಬಿಗಳ ನಡುವೆ ದಾರಿ ಮಾಡಿಕೊಂಡು, ಸ್ಟಾಕ್ ಕೋಣೆಯಿಂದ ಹಾಯ್ದು ತಮ್ಮ ಅಂಗಡಿಗೆ ಬಂದರು. ಮಗ ನೋಡಿ ಗಾಬರಿಯಾಗಿ ಎದ್ದು ನಿಂತ. "ಅಪ್ಪಾಜಿ, ಫೋನ್ ಮಾಡಿದ್ರ ನಾ ಬರ್ತಿದ್ದೆಲ್ಲ."

"ಎಲ್ಲಾ ಗಿರಾಕಿಗೂ ನೀನ ಹೋಗಿ ಕರಕೊಂಡ ಬರಾಂವೇನು?" ಎಂದರು ಮುದುಕರು. ಕುಳಿತುಕೊಳ್ಳಲು ಸುತ್ತ ನೋಡಿದರು. ಕುರ್ಚಿ ಇರಲಿಲ್ಲ. ಬಿಲ್ಲಿಂಗಿನ ಹುಡುಗಿ ತನ್ನ ಸ್ಟೂಲು ತಂದು ಕೊಟ್ಟಳು, ನೀರು ಕೊಟ್ಟಳು. ಯಾವ ಊರವ್ವಾ ಎಂದು ಕೇಳಿದರು. ಬಬಲೇಶ್ವರ ಎಂದಳು. "ದಿನಾ ಅಲ್ಲಿಂದ ಹೆಂಗ ಬರ್ತೀ?" ಎಂದರು. ಅವಳು ಹೇಳಿದಳು. ಅವರು ಪೂರಾ ಕೇಳಿ ಮಗನ ಕಡೆ ನೋಡಿದರು.

ಅದಾದ ಮೇಲೆ ಸಣ್ಣ ಸಾವಕಾರ್ರು ಮಾಲಿನ ಉಳಿದ ಅಂಗಡಿಯವರನ್ನು ಕೂಡಿಸಿದರು, ಮ್ಯಾನೇಜರ್ ಹತ್ತಿರ ಹೋದರು, ಡಿಪೋಕ್ಕೂ ಹೋದರು. ನಾನು ಹೋದಾಗ ಆಗದ ಕೆಲಸ ಅವರು ಹೋದಾಗ ಚಲಿಸಿತು, ಆದರೆ ಅದು ಕೂಡ ತನ್ನ ಪಾಡಿಗೆ ತಾನು ಚಲಿಸಿತು. ಸ್ಟಾಪ್ ಬರುತ್ತದೆ ಎಂದರು, ಬರಲಿಲ್ಲ. ಸರ್ವೆಗೆ ಬಂದರು, ಹೋದರು. ಗೇಟಿನ ಮುಂದೆ ಬಸ್ಸು ನಿಂತರೆ ಕಾರುಗಳಿಗೆ ಅಡ್ಡಿಯಾಗುತ್ತದೆ ಎಂದು ಮ್ಯಾನೇಜರ್ ತಕರಾರು ತೆಗೆದರು. ಸೇತುವೆಗೆ ಹತ್ತಿರವಾದರೆ ತಮಗೆ ಆಗುವುದಿಲ್ಲ ಎಂದು ಬಸ್ಸಿನವರು ಹೇಳಿದರು. ಇವರ ಎಳೆದಾಟದಲ್ಲಿ ಮಳೆಗಾಲ ಬಂತು. ಸೇತುವೆಯ ಕೆಳಗೆ ನೀರು ನಿಂತಿತು. ಒಂದು ಸಂಜೆ ಹುಡುಗಿಗೆ ಬಬಲೇಶ್ವರದ ಬಸ್ಸು ತಪ್ಪಿತು, ಅವಳ ಅಪ್ಪ ಯಾರದೋ ಬೈಕು ತಂದು ಕರೆದುಕೊಂಡು ಹೋದ. ಮರುದಿನ ಅವಳು ಬರಲಿಲ್ಲ. ಆ ವಾರದ ಕೊನೆಗೆ ಬಂದು ತನ್ನ ಡಬ್ಬಿ, ಛತ್ರಿ ತೆಗೆದುಕೊಂಡಳು. "ಮನ್ಯಾಗ ಬ್ಯಾಡ ಅಂದ್ರು ಕಾಕಾ" ಎಂದಳು. ಕೆಲಸದ ಮೇಲೆ ಅವಳಿಗೆ ಮನಸ್ಸಿತ್ತು. ಇನ್ನೊಂದಿಷ್ಟು ದಿನ ತಡಿ, ಸ್ಟಾಪ್ ಬರುತ್ತದೆ ಎಂದೆ. ಆ ಮಾತು ನನಗೇ ಪೊಳ್ಳು ಅನ್ನಿಸಿತು.

ಕೊನೆಗೆ ಸ್ಟಾಪ್ ಬಂತು. ಮಾಲಿನ ಕಂಪೌಂಡು ಮುಗಿದು ಹೊಲ ಶುರುವಾಗುವ ಕಡೆ, ಒಂದು ಕಂಬಕ್ಕೆ ಹಲಗೆ. ನೆರಳಿಲ್ಲ, ಕಟ್ಟೆ ಇಲ್ಲ. ಸಾದಾ ಬಸ್ಸುಗಳು ನಿಲ್ಲುತ್ತವೆ, ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಇಳಿದ ಮೇಲೆ ಕಂಪೌಂಡಿನ ಗುಂಟ ಲಾರಿಗಳಿಗೆ ಅಂಜುತ್ತ ಗೇಟಿನವರೆಗೆ ನಡೆಯಬೇಕು. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ತೆಗೆದರೆ ಅಷ್ಟು ನಡೆಯುವುದು ತಪ್ಪುತ್ತದೆ. ಕೇಳಿದೆವು. ಸೆಕ್ಯೂರಿಟಿ ಪ್ರಾಬ್ಲಂ ಆಗುತ್ತದೆ ಎಂದರು.

ಆದರೂ ಆ ದಿನ ಖುಷಿಯಲ್ಲೇ ಹುಡುಗಿಗೆ ಫೋನು ಮಾಡಿದೆ. ಅವಳು ಕೇಳಿಸಿಕೊಂಡು, "ಚಲೋ ಆತಲ್ರಿ ಕಾಕಾ, ನಿಮಗ ಅನುಕೂಲ ಆತು" ಎಂದಳು. "ನನಗ ಅದರಿಂದ ಏನ ಆಗತೈತ್ರಿ? ಬಬಲೇಶ್ವರದಿಂದ ಬಂದು ಮತ್ತ ತಿಕೋಟಾ ಬಸ್ಸಿಗೆ ಕಾಯಬೇಕು, ಸಂಜಿಕ ಹೊಳ್ಳಿ ಬರೂದ್ರಾಗ ನಮ್ಮ ಬಸ್ಸು ಹೋಗಿರತಾವ. ಈಗ ಇಲ್ಲೇ ಔಷಧಿ ಅಂಗಡ್ಯಾಗ ಕುಂದರ್ತೇನಿ. ಮನಿಯಿಂದ ನಡಕೊಂಡ ಹೋಗತೇನಿ."

ಪಗಾರ ಕಡಿಮೆಯಂತೆ. ಅದನ್ನು ಅವಳು ಹೇಳಲಿಲ್ಲ, ನಾನೇ ಕೇಳಿ ತಿಳಿದುಕೊಂಡೆ.

ಅವಳ ಜಾಗಕ್ಕೆ ವಿಜಯಪುರದ ಒಬ್ಬ ಹುಡುಗ ಬಂದಿದ್ದಾನೆ. ಬೈಕಿನಲ್ಲಿ ಬರುತ್ತಾನೆ, ಬೈಕಿನಲ್ಲಿ ಹೋಗುತ್ತಾನೆ. ಗಿರಾಕಿ ಮಾತಾಡಿಸಿದರೆ ಮುಖ ಎತ್ತಿ ನೋಡುವುದಿಲ್ಲ. ಮೊನ್ನೆ ಸಣ್ಣ ಸಾವಕಾರ್ರು ನನ್ನ ಹತ್ತಿರ ಬಂದು, "ಇನ್ನ ಮುಂದ ಗಾಡಿ ಇದ್ದಾವ್ರನ್ನ ಕೆಲಸಕ್ಕ ತಗೊಳ್ಳೂದು ಚಲೋ ಕಾಕಾ, ತಾಪತ್ರಯ ಇರೂದಿಲ್ಲ" ಎಂದರು. ನಾನು ಒಂದು ಸೀರೆ ಮಡಚುತ್ತಿದ್ದೆ. ಅಂಚಿಗೆ ಅಂಚು ಕೂಡಿಸಿ, ಮಡಿಕೆ ಒತ್ತಿ, ಕಪಾಟಿನಲ್ಲಿ ಇಟ್ಟು ಇನ್ನೊಂದನ್ನು ಕೈಗೆ ತೆಗೆದುಕೊಂಡೆ.